ಶಾಲಿಗೆ ಮಾತ್ರ ಬ್ಯಾಕಪ್ ಇತ್ತು

ತಂತ್ರಜ್ಞಾನ ಸಮ್ಮೇಳನದಲ್ಲಿ ಮೊದಲ ಸಲ ಮಾತನಾಡಬೇಕೆನ್ನುವವನು ಅರ್ಜಿ ತುಂಬಬೇಕು. ಶೀರ್ಷಿಕೆ, ಸಾರಾಂಶ, ಕೇಳುಗರಿಗೇನು ಲಾಭ ಎಂದೆಲ್ಲ ಬರೆದು ಉಸಿರು ಬಿಡುವಷ್ಟರಲ್ಲಿ ಕೊನೆಯ ಕಲಂ: ‘ಹಿಂದಿನ ಭಾಷಣದ ವಿಡಿಯೊ’. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ನನ್ನ ಬಳಿ ಇದ್ದದ್ದು ಚಿಕ್ಕಪ್ಪನ ಮಗಳ ಮದುವೆಯ ವಿಡಿಯೊ ಒಂದೇ. ಅದರಲ್ಲಿ ನಾನು ಮೈಕ್ ಹಿಡಿದು, ‘ಮಂಟಪದ ಬಾಗಿಲಿಗೆ ಅಡ್ಡ ನಿಲ್ಲಿಸಿದ ಬಿಳಿ ಜೀಪು ಯಾರದು, ದಯವಿಟ್ಟು ತೆಗೆಯಿರಿ’ ಎಂದು ಮೂರು ಸಲ ಹೇಳುತ್ತೇನೆ. ಅದನ್ನೇ ಕಳಿಸಿದೆ. ‘ಧ್ವನಿ ಸ್ಪಷ್ಟವಾಗಿದೆ’ ಎಂದು ವಿಜಯಪುರದ ಆಯೋಜಕರು ಉತ್ತರಿಸಿದರು.

ತಕರಾರು ಬಂದದ್ದು ವಿಷಯಕ್ಕೆ. ನಾನು ಹೇಳಹೊರಟದ್ದು ಬ್ಯಾಕಪ್ ಬಗ್ಗೆ: ಕಡತಕ್ಕೆ 3 ಪ್ರತಿ ಇರಲಿ, 2 ಬಗೆಯ ಸಾಧನಗಳಲ್ಲಿರಲಿ, 1 ಪ್ರತಿ ಬೇರೆ ಜಾಗದಲ್ಲಿರಲಿ, ಆಗಾಗ ಅದು ತೆರೆದುಕೊಳ್ಳುತ್ತದೆಯೇ ಎಂದು ನೋಡುತ್ತಿರಿ. ‘ಇದರಲ್ಲಿ ಕೃತಕ ಬುದ್ಧಿಮತ್ತೆ ಎಲ್ಲಿದೆ ಸರ್?’ ಎಂದರು. ‘ಕೃತಕ ಬುದ್ಧಿಮತ್ತೆಯ ಯುಗದಲ್ಲಿ ಬ್ಯಾಕಪ್’ ಎಂದು ಹೆಸರಿಟ್ಟೆ. ಒಳಗೆ ಒಂದಕ್ಷರ ಮುಟ್ಟಲಿಲ್ಲ. ಹತ್ತೇ ನಿಮಿಷದಲ್ಲಿ ಒಪ್ಪಿಗೆ ಬಂತು.

ತಾಲೀಮಿಗೆಂದು ಗೋಳಗುಮ್ಮಟ ಹತ್ತಿದೆ. 1656ರಿಂದ ಅಲ್ಲಿ ಮೈಕ್ ಕೆಟ್ಟ ದೂರಿಲ್ಲ. ಪಿಸುಮಾತಿನ ಗ್ಯಾಲರಿಯಲ್ಲಿ ನಿಂತು ‘ಬ್ಯಾಕಪ್’ ಎಂದೆ. 3 ಪ್ರತಿ ಸಾಕು ಎನ್ನುವವನಿಗೆ ಗುಮ್ಮಟ 7 ಕೊಟ್ಟಿತು. ಅಷ್ಟರಲ್ಲಿ ಪ್ರವಾಸದ ಮಕ್ಕಳು ಬಂದು ‘ಕೂ’ ಎಂದರು; ತಾಲೀಮು ಮುಗಿಯಿತು.

ಸಮ್ಮೇಳನದಲ್ಲಿ ನನಗೆ ಗೊತ್ತುಮಾಡಿದ್ದು 20 ನಿಮಿಷ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ ಆದವು. ದೀಪ ಬೆಳಗಲು ಹನ್ನೊಂದು ಗಣ್ಯರಿಗೆ ಒಂದೇ ಮೇಣದ ಬತ್ತಿ. ಫ್ಯಾನಿನ ಗಾಳಿಗೆ ಅದು ಆರಿದಾಗಲೆಲ್ಲ ಛಾಯಾಗ್ರಾಹಕ ‘ಇನ್ನೊಮ್ಮೆ ಸರ್’ ಎನ್ನುತ್ತಿದ್ದ. ಫ್ಯಾನ್ ಬಂದ್ ಮಾಡಲು ಯಾರಿಗೂ ಹೊಳೆಯಲಿಲ್ಲ. ಸಭಾಂಗಣದ ತುಂಬ ಎಂಜಿನಿಯರುಗಳಿದ್ದರು. ‘ಎರಡೇ ಮಾತು’ ಎಂದು ಎದ್ದ ಉದ್ಘಾಟಕರು ಮುಕ್ಕಾಲು ಗಂಟೆ ಮಾತನಾಡಿ, ಯುವಕರು ಮೊಬೈಲ್ ಬಿಟ್ಟು ಹೊಲಕ್ಕೆ ಹೋಗಬೇಕೆಂದು ಕರೆ ಕೊಟ್ಟರು.

ನನ್ನ ಸರದಿ ಬಂದಾಗ ಉಳಿದದ್ದು 7 ನಿಮಿಷ. ಆಗಲೇ ಊಟದ ಕಡೆಯಿಂದ ಎಣ್ಣೆಗಾಯಿಯ ಘಮ ಬರತೊಡಗಿತ್ತು. ಪ್ರೊಜೆಕ್ಟರಿನ ಹಳೆಯ ವಿಜಿಎ ಕೇಬಲ್ಲಿಗೂ ನನ್ನ ಲ್ಯಾಪ್‌ಟಾಪಿಗೂ ಕೂಡಿಬರಲಿಲ್ಲ. ‘ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇರುತ್ತದಲ್ಲ ಸರ್?’ ಎಂದ ಕೇಬಲ್ ಹಿಡಿದ ಹುಡುಗ. ಇರಲಿಲ್ಲ. ಬಾಯಿಮಾತಿನಲ್ಲೇ ಶುರುಮಾಡಿದೆ. ಮೂರನೆಯ ನಿಮಿಷಕ್ಕೆ ಚೀಟಿ ಬಂತು: ‘ಊಟ ತಣ್ಣಗಾಗುತ್ತಿದೆ.’

ಸನ್ಮಾನಕ್ಕೆ ಮಾತ್ರ ಅವಸರವಿರಲಿಲ್ಲ. ಶಾಲು, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಪುಟ್ಟ ಗೋಳಗುಮ್ಮಟ, ‘ಕೃತಕ ಬುದ್ಧಿಮತ್ತೆ ತಜ್ಞರು’ ಎಂಬ ಪ್ರಮಾಣಪತ್ರ. ನನ್ನ ಮಾತನ್ನು ಯಾರೂ ಚಿತ್ರೀಕರಿಸಿರಲಿಲ್ಲ. ಶಾಲು ಹೊದಿಸಿದ ವಿಡಿಯೊ ಎಂಟು ಮೊಬೈಲ್‌ಗಳಲ್ಲಿ ಸಿಕ್ಕಿತು.

ಅದನ್ನೇ ಬೆಳಗಾವಿಯ ಸಮ್ಮೇಳನವೊಂದಕ್ಕೆ ಕಳಿಸಿದೆ. ಪ್ರಧಾನ ಭಾಷಣಕ್ಕೆ ಆರಿಸಿದ್ದಾರೆ. ಆಹ್ವಾನಪತ್ರಿಕೆಯಲ್ಲಿ ಹೆಸರಿನ ಮುಂದೆ ‘ಡಾ.’ ಹಾಕಬೇಕೇ ಎಂದು ಕೇಳಲು ನಿನ್ನೆ ಕರೆ ಮಾಡಿದ್ದರು.