ಒಬ್ಬಳೇ ಹೋದವಳ ಹಾಜರಿ

ರೊಬಸ್ಟಾ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಕಾಫಿ ಗೋಣಿ ಸೇರಿ, ಹೂಮಳೆಗಾಗಿ ಆಕಾಶ ನೋಡುವುದಷ್ಟೇ ಉಳಿದಿದ್ದ ಮಾರ್ಚ್ ಮೊದಲ ವಾರದಲ್ಲಿ ನಾನು ಕೊಡಗಿನ ಸಿದ್ದಾಪುರದಿಂದ ಮುರ್ಡೇಶ್ವರಕ್ಕೆ ಒಬ್ಬಳೇ ಹೊರಟೆ. ನೇತ್ರಾಣಿ ದ್ವೀಪದ ಬಳಿ ಸ್ನಾರ್ಕ್ಲಿಂಗ್, ಅಂದರೆ ಮಾಸ್ಕ್ ತೊಟ್ಟು ಬಾಯಿಯ ಕೊಳವೆಯಿಂದ ಉಸಿರಾಡುತ್ತ ತೇಲಿ ನೀರಿನೊಳಗೆ ನೋಡುವುದು, ಮಾಡಬೇಕೆಂಬುದು ಹಳೆಯ ಆಸೆ. ಕಾವೇರಿ ಹುಟ್ಟುವ ಜಿಲ್ಲೆಯವರಾದರೂ ನಮಗೆ ಸಮುದ್ರವೆಂದರೆ ಸಂಪಾಜೆ ಘಟ್ಟ ಇಳಿದು ಹೋಗಿ ನೋಡಬೇಕಾದದ್ದು, ಆದ್ದರಿಂದ ಅತ್ತೆಯವರು "ಒಬ್ಬಳೇನಾ?" ಎಂದು ಮೂರು ಸಲ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮುರ್ಡೇಶ್ವರದ ಲಾಡ್ಜಿನವರು, ಟಿಕೆಟ್ ಬರೆದವರು, ದೋಣಿಯಲ್ಲಿ ಪಕ್ಕ ಕುಳಿತವರು ಎಲ್ಲರೂ ಅದನ್ನೇ ಕೇಳಿದರು. ಆದರೆ ಕೇಳಿದವರಲ್ಲಿ ಒಬ್ಬರಾದರೂ ಆ ಉತ್ತರವನ್ನು ಎಲ್ಲಿಯೂ ಗುರುತು ಹಾಕಿಕೊಳ್ಳಲಿಲ್ಲ ಎಂಬುದೇ ನನ್ನ ತಕರಾರು.

ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ. ದೋಣಿಯಲ್ಲಿ ಒಂದೂವರೆ ಗಂಟೆ ಹಿಡಿಯಿತು. ವಾಂತಿ ತಡೆಯುವ ಮಾತ್ರೆಯನ್ನು ಹೊರಡುವ ಮೊದಲೇ ನುಂಗಿ, ದೋಣಿಯ ಹಿಂಭಾಗದಲ್ಲಿ ಕುಳಿತು, ದೂರದ ದಿಗಂತದ ಮೇಲೆ ಕಣ್ಣಿಟ್ಟಿದ್ದರಿಂದ ನಾನು ಬಚಾವಾದೆ. ಮೊಬೈಲ್ ನೋಡುತ್ತ ಕುಳಿತ ಇಬ್ಬರಿಗೆ ಆ ಭಾಗ್ಯವಿರಲಿಲ್ಲ. ದ್ವೀಪದ ಬಂಡೆಗಳ ಸಮೀಪ ಲಂಗರು ಹಾಕಿದ ಮೇಲೆ ಗೈಡ್ ಹುಡುಗ ಮಾಸ್ಕ್ ಕೊಟ್ಟು, ಗಾಜಿನ ಒಳಬದಿಗೆ ಉಗುಳು ಸವರಿ ತೊಳೆಯಲು ಹೇಳಿದ. ಹೇಸಿಗೆಯೆನಿಸಿದರೂ ಮಂಜು ಕಟ್ಟದಂತೆ ತಡೆಯಲು ಅದಕ್ಕಿಂತ ಅಗ್ಗದ ಉಪಾಯವಿಲ್ಲ. ತೋಟದ ಕೆರೆಯಲ್ಲಿ ಈಜು ಕಲಿತವಳಿಗೆ ಮೊದಲ ಹತ್ತು ನಿಮಿಷ ಬಾಯಿಗೆ ಬಂದ ಉಪ್ಪುನೀರನ್ನು ಕೊಳವೆಯಿಂದ ಊದಿ ಹೊರಹಾಕುವುದರಲ್ಲೇ ಕಳೆಯಿತು.

ಆಮೇಲೆ ಕಂಡದ್ದನ್ನು ಹೇಗೆ ಹೇಳಲಿ! ಹಸಿರು-ನೀಲಿ ಮೈಯ ಗಿಳಿಮೀನೊಂದು ಹವಳದ ಬಂಡೆಯನ್ನು ಕಚ್ಚಿ ಕೆರೆಯುತ್ತಿತ್ತು. ಆ ಕರಕರ ಶಬ್ದ ನನ್ನ ಉಸಿರಿನ ಸದ್ದನ್ನೂ ಮೀರಿ ಕಿವಿಗೆ ಬೀಳುತ್ತಿತ್ತು. ಮಾಸ್ಕಿನ ಗಾಜಿನ ಮೂಲಕ ನೀರಿನೊಳಗಿನ ವಸ್ತುಗಳು ಮೂರನೇ ಒಂದು ಭಾಗದಷ್ಟು ದೊಡ್ಡದಾಗಿಯೂ ಕಾಲು ಭಾಗದಷ್ಟು ಹತ್ತಿರವಾಗಿಯೂ ತೋರುವುದರಿಂದ, ಕೈ ಚಾಚಿದರೆ ಸಿಕ್ಕೀತೆನಿಸಿದ ಮೀನು ಸಿಗುತ್ತಲೇ ಇರಲಿಲ್ಲ. ಅದರ ಹಿಂದೆ ಹೋಗುತ್ತ ಎಲ್ಲರೂ ಹಿಡಿದುಕೊಂಡಿದ್ದ ತೇಲುವ ಟ್ಯೂಬನ್ನು ಬಿಟ್ಟದ್ದು ನನ್ನದೇ ತಪ್ಪು, ಅದನ್ನು ಮುಚ್ಚಿಡುವುದಿಲ್ಲ.

ತಲೆಯೆತ್ತಿ ನೋಡಿದಾಗ ನಾನು ದೋಣಿಯ ಇನ್ನೊಂದು ಬದಿಯಲ್ಲಿ, ಏಣಿಯಲ್ಲಿ ನಿಂತವರಿಗೆ ಕಾಣದ ಕಡೆಯಲ್ಲಿದ್ದೆ. "14 ಸರಿ ಇದೆ" ಎಂದು ಯಾರೋ ಕೂಗಿದ್ದೂ, ಎಂಜಿನ್ ಶುರುವಾದದ್ದೂ ಕೇಳಿಸಿತು. ಚಹಾ ಕೊಡುತ್ತಿದ್ದ ಹುಡುಗನನ್ನೂ ಸೇರಿಸಿ ಎಣಿಸಿದ್ದರಿಂದ ಲೆಕ್ಕ ಸರಿಹೋಗಿತ್ತು! ಲಂಗರು ಇನ್ನೂ ಎತ್ತಿರಲಿಲ್ಲ, ಲೈಫ್ ಜಾಕೆಟ್ ಇತ್ತು, ಗಂಟಲಂತೂ ಇದ್ದೇ ಇತ್ತು. ಹಾಗಾಗಿ ಅನಾಹುತವೇನೂ ಆಗಲಿಲ್ಲ. ಗಂಡ-ಹೆಂಡತಿ ಬಂದಿದ್ದರೆ, ಗೆಳೆಯರ ಗುಂಪಾಗಿದ್ದರೆ, "ನಮ್ಮವರೆಲ್ಲಿ?" ಎಂದು ಕೇಳಲು ಒಂದು ಬಾಯಿಯಾದರೂ ಇರುತ್ತಿತ್ತು. ಜೋಡಿಯಾಗಿ ಬಂದವರಿಗೂ ಅದು ಭರವಸೆಯಲ್ಲ ಎನ್ನುವುದು ಬೇರೆ ಮಾತು: 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಟಾಮ್ ಮತ್ತು ಐಲೀನ್ ಲೋನರ್ಗನ್ ಎಂಬ ಅಮೆರಿಕದ ದಂಪತಿಯನ್ನು ನೀರಿನಲ್ಲೇ ಬಿಟ್ಟು ದೋಣಿ ದಡಕ್ಕೆ ಮರಳಿತ್ತು. ಅವರು ಹಿಂದಿರುಗಿಲ್ಲವೆಂಬುದು ತಿಳಿದದ್ದು ಎರಡು ದಿನದ ಮೇಲೆ, ದೋಣಿಯಲ್ಲೇ ಉಳಿದಿದ್ದ ಅವರ ಚೀಲ ಕಣ್ಣಿಗೆ ಬಿದ್ದಾಗ. ಅವರು ಸಿಗಲೇ ಇಲ್ಲ.

ಆನೆ ಓಡಾಡುವ ನಮ್ಮ ಕಡೆಯ ತೋಟಗಳಲ್ಲಿ ಸಂಜೆ ಕಾಫಿ ತೂಕವಾದ ಮೇಲೆ ಮೇಸ್ತ್ರಿ ತಲೆ ಎಣಿಸುವುದಿಲ್ಲ, ಹೆಸರು ಕೂಗುತ್ತಾನೆ. ಎಣಿಕೆ ತಪ್ಪಬಹುದು, ಆದರೆ ಒಬ್ಬರ ಹೆಸರಿಗೆ ಇನ್ನೊಬ್ಬರು ಓಗೊಡುವುದಿಲ್ಲ. ದೋಣಿಯವರೂ ನಮ್ಮ ಹೆಸರು, ವಿಳಾಸ, ಮನೆಯವರ ಫೋನ್ ನಂಬರ್ ಎಲ್ಲವನ್ನೂ ಬರೆಸಿಕೊಂಡು ಸಹಿ ಹಾಕಿಸಿದ್ದರು. ಆ ಹಾಳೆ ಮಾತ್ರ ದಡದ ಆಫೀಸಿನ ಡ್ರಾಯರಿನಲ್ಲಿ ಉಳಿದಿತ್ತು. ಅದರ ಒಂದು ಪ್ರತಿ ದೋಣಿಯಲ್ಲಿದ್ದು, ನೀರಿಗಿಳಿಯುವಾಗಲೂ ಹತ್ತುವಾಗಲೂ ಹೆಸರು ಕೂಗಿದರೆ ಎರಡು ನಿಮಿಷದ ಕೆಲಸ. ಒಬ್ಬರೇ ಬಂದವರನ್ನು ಇನ್ನೊಬ್ಬರೊಂದಿಗೆ ಜೋಡಿ ಮಾಡುವ ಕ್ರಮವೂ ಈ ಕಸುಬಿನಲ್ಲಿ ಹಳೆಯದೇ. ಅದಕ್ಕೆ ಅವರು ಇಂಗ್ಲಿಷಿನಲ್ಲಿ 'ಬಡ್ಡಿ', ಅಂದರೆ ಜೊತೆಗಾರ, ಎನ್ನುತ್ತಾರೆ. ತೋಟದ ಸಾಲವಿರುವ ನನಗೆ ಆ ಪದ ಕೇಳಿದರೆ ಬ್ಯಾಂಕೇ ನೆನಪಾಗುತ್ತದೆ.

ಹೆಂಗಸರು ಒಬ್ಬರೇ ಹೋಗಬಾರದು ಎಂಬ ತೀರ್ಮಾನವನ್ನು ದಯವಿಟ್ಟು ಯಾರೂ ಇದರಿಂದ ತೆಗೆಯಬೇಡಿ. ನಾನು ಅಕ್ಟೋಬರಿನಲ್ಲಿ ಮತ್ತೆ ಹೋಗುವವಳೇ. ಈ ಸಲ ನೀರಿಗಿಳಿಯುವ ಮೊದಲು ಪಕ್ಕದವರಿಗೆ ಹೆಸರು ಹೇಳಿ, "ನಾನು ಹತ್ತಿದೆನೋ ಇಲ್ಲವೋ ನೋಡಿ" ಎಂದು ಬಾಯಿಬಿಟ್ಟು ಕೇಳುತ್ತೇನೆ, ಅಷ್ಟೇ.

ಅಂದು ಹಿಂದಿರುಗುವಾಗ ಎಣಿಕೆ ಮಾಡಿದ್ದ ಹುಡುಗ ನನ್ನ ಬಳಿ ಬಂದು ಕುಳಿತು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ನಿಮ್ಮ ಹೆಸರೇನು?" ಎಂದು ಕೇಳಿದ. ಹೇಳಿದೆ. ಅಷ್ಟು ಹೊತ್ತಿಗೆ ಮುರ್ಡೇಶ್ವರದ ಗೋಪುರ ಕಾಣತೊಡಗಿತ್ತು.