ಮಾತಾಡದ ಕೀಬೋರ್ಡು

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಬೆಂಬಲ ಕೊನೆಗೊಂಡಾಗ, ನಮ್ಮ ಮನೆಯ ಹಳೆಯ ಕಂಪ್ಯೂಟರು ವಿಂಡೋಸ್ 11ರ ಅರ್ಹತಾ ಪರೀಕ್ಷೆಯಲ್ಲಿ ಫೇಲಾಗಿ ಮೂಲೆಯಲ್ಲಿ ಕುಳಿತಿತ್ತು. ಕಚೇರಿಯ ಗೆಳೆಯರೊಬ್ಬರು, ‘ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿ, ಒಂದು ಪೈಸೆಯ ಖರ್ಚಿಲ್ಲ’ ಎಂದರು. ಖರ್ಚಿಲ್ಲ ಎಂಬ ಮಾತನ್ನು ನಾನು ಮನೆಯಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಿಬಿಟ್ಟೆ.

ಪೆನ್‌ಡ್ರೈವಿನಿಂದ ಲಿನಕ್ಸ್ ಇಳಿದದ್ದು ಸುಸೂತ್ರವಾಗಿಯೇ. ತೊಡಕು ಶುರುವಾದದ್ದು ಮಗನ ಆಟಗಳಿಗಾಗಿ ಗ್ರಾಫಿಕ್ಸ್ ಡ್ರೈವರ್ ಹಾಕಲು ಹೊರಟಾಗ. ಟರ್ಮಿನಲ್, ಅಂದರೆ ಆಜ್ಞೆಗಳನ್ನು ಟೈಪು ಮಾಡುವ ಕಿಟಕಿ, ತೆರೆದು ಒಂದು ಸಾಲನ್ನು ಅಂಟಿಸಬೇಕಿತ್ತು. ಊರಿಗೆಲ್ಲ ಸಲ್ಲುವ ಕಂಟ್ರೋಲ್-ವಿ ಅಲ್ಲಿ ಸಲ್ಲುವುದಿಲ್ಲ, ಜೊತೆಗೆ ಶಿಫ್ಟನ್ನೂ ಒತ್ತಬೇಕು ಎಂದು ತಿಳಿಯುವಷ್ಟರಲ್ಲಿ ಕಾಫಿ ಆರಿತ್ತು. ಆಮೇಲೆ ಅದು ಪಾಸ್‌ವರ್ಡ್ ಕೇಳಿತು. ಒತ್ತಿದೆ, ಏನೂ ಮೂಡಲಿಲ್ಲ. ಜೋರಾಗಿ ಕುಟ್ಟಿದೆ, ಆಗಲೂ ಒಂದು ಚುಕ್ಕಿಯಿಲ್ಲ. ಕೀಬೋರ್ಡಿನ ಆಯುಷ್ಯ ಮುಗಿಯಿತೆಂದು ತೀರ್ಮಾನಿಸಿ, ಬಿಸಿಲಿನಲ್ಲಿ ಎಸ್.ಪಿ. ರೋಡಿಗೆ ಹೋಗಿ 650 ರೂಪಾಯಿ ಕೊಟ್ಟು ಹೊಸದನ್ನು ತಂದೆ. ಹೊಸದೂ ಮೌನವ್ರತದಲ್ಲಿತ್ತು. ಕಡೆಗೆ ಮಗ ಫೋನಿನಲ್ಲಿ ಹುಡುಕಿ, ‘ಅಪ್ಪಾ, ಅದು ಕಾಣಿಸಲ್ಲ, ಆದ್ರೆ ಬೀಳ್ತಾ ಇರುತ್ತೆ’ ಎಂದ. ‘ಒಂದು ಪೈಸೆಯ ಖರ್ಚಿಲ್ಲ ಅಂದ್ರಿ’ ಎಂದು ಅಡುಗೆಮನೆಯಿಂದ ಧ್ವನಿ ಬಂತು.

ಪಾಸ್‌ವರ್ಡಿನ ಉದ್ದವೂ ಪಕ್ಕದವರಿಗೆ ತಿಳಿಯಬಾರದು ಎಂಬುದು ಈ ಮೌನಕ್ಕೆ ಕಾರಣವಂತೆ. ಕಾರಣ ಒಪ್ಪತಕ್ಕದ್ದೇ. ಆದರೆ ಒಳಗೇನೋ ನಡೆಯುತ್ತಿದೆ ಎಂದು ನಮ್ಮ ಕುಕ್ಕರು ಕೂಡ ಕೂಗಿ ಹೇಳುತ್ತದೆ. ಲಿನಕ್ಸಿನದೇ ಇನ್ನೊಂದು ಅವತಾರವಾದ ಲಿನಕ್ಸ್ ಮಿಂಟ್‌ನಲ್ಲಿ ಒತ್ತಿದ ಅಕ್ಷರಕ್ಕೊಂದು ನಕ್ಷತ್ರ ಬೀಳುತ್ತದೆ, ಅದರಿಂದ ಆಕಾಶವೇನೂ ಕಳಚಿ ಬಿದ್ದಿಲ್ಲ. ‘ಕಷ್ಟಪಟ್ಟರೇ ಕಲಿಯುವುದು’ ಎನ್ನುವ ಪಂಡಿತರಿಗೆ ನನ್ನ ವಿನಂತಿ ಇಷ್ಟೇ: ನನಗೆ ಕಷ್ಟ ಬೇಡವೆಂದಲ್ಲ, ಯಾವ ಕಷ್ಟದಲ್ಲಿದ್ದೇನೆ ಎಂಬುದನ್ನು ಯಂತ್ರ ಬಾಯಿಬಿಟ್ಟು ಹೇಳಲಿ. 2021ರಲ್ಲಿ ಕೆನಡಾದ ಹೆಸರಾಂತ ಯೂಟ್ಯೂಬರ್ ಒಬ್ಬರು ಲಿನಕ್ಸಿನಲ್ಲಿ ಸ್ಟೀಮ್ ಎಂಬ ಆಟಗಳ ಅಂಗಡಿಯ ತಂತ್ರಾಂಶ ಹಾಕಲು ಹೋಗಿ, ‘ಹೌದು, ನಾನು ಹೇಳಿದಂತೆ ಮಾಡು’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಟೈಪು ಮಾಡಿ, ಪರದೆಯ ಮೇಲಿನ ಇಡೀ ಡೆಸ್ಕ್‌ಟಾಪನ್ನೇ ಅಳಿಸಿಕೊಂಡರು. ಎಚ್ಚರಿಕೆಯ ಮಾತು ಪರದೆಯ ಮೇಲೆ ಇತ್ತು, ನಿಜ. ಆದರೆ ಮದುವೆ ಮನೆಯ ಗದ್ದಲದಲ್ಲಿ ಪಿಸುಗುಟ್ಟಿದಂತೆ, ಸಾಲುಸಾಲು ಪ್ಯಾಕೇಜುಗಳ ಹೆಸರಿನ ನಡುವೆ ಇತ್ತು. ಕಂಪ್ಯೂಟರನ್ನೇ ಕಸುಬಾಗಿಸಿಕೊಂಡವರ ಪಾಡು ಇದಾದರೆ, 650 ರೂಪಾಯಿಗೆ ಪಾರಾದ ನಾನೇ ಪುಣ್ಯವಂತ.

ಆಟಗಳ ಮಟ್ಟಿಗೆ ನನ್ನ ದೂರು ಅಷ್ಟಿಲ್ಲ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ಓಡಿಸಲೆಂದು 1993ರಲ್ಲಿ ಆರಂಭವಾದ ವೈನ್ ಎಂಬ ತಂತ್ರಾಂಶದ ಮೇಲೆ ಕಟ್ಟಿದ ಪ್ರೋಟಾನ್ 2018ರಲ್ಲಿ ಬಂದ ಮೇಲೆ, ವಿಂಡೋಸ್‌ಗೆಂದೇ ಮಾಡಿದ ಎಷ್ಟೋ ಆಟಗಳು ಸ್ಟೀಮಿನ ಮೂಲಕ ಲಿನಕ್ಸಿನಲ್ಲಿ ತಕರಾರಿಲ್ಲದೆ ಓಡುತ್ತವೆ. 2022ರ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿಯುವ ಆಟದ ಯಂತ್ರ ಹಿಡಿದು ಆಡುವವರಲ್ಲಿ ಅನೇಕರಿಗೆ ತಮ್ಮ ಕೈಯಲ್ಲಿರುವುದು ಲಿನಕ್ಸ್ ಎಂಬುದೇ ತಿಳಿದಿರಲಾರದು. ಮಗನ ಕಾರು ರೇಸು, ಬೇಸಾಯದ ಆಟ ಎರಡೂ ನಡೆದವು. ಅವನ ಸ್ನೇಹಿತರೆಲ್ಲ ಸೇರುವ ಗುಂಡು ಹಾರಿಸುವ ಆಟ ಮಾತ್ರ ತೆರೆಯಲೇ ಇಲ್ಲ. ಮೋಸ ತಡೆಯುವ ಅದರ ಕಾವಲುಗಾರನಿಗೆ ವಿಂಡೋಸಿನ ತಿರುಳಾದ ಕರ್ನಲ್ಲಿನಲ್ಲಿಯೇ ಆಸನ ಬೇಕಂತೆ. ಇಲ್ಲಿ ಲಿನಕ್ಸ್ ಎಷ್ಟು ಸರಳವಾದರೂ ಸಾಲದು, ಬೀಗದ ಕೈ ಆಟ ಮಾಡಿದವರ ಜೇಬಿನಲ್ಲಿದೆ. ಶನಿವಾರಗಳಂದು ಮಗ ಈಗ ಚಿಕ್ಕಪ್ಪನ ಮನೆಯಲ್ಲಿರುತ್ತಾನೆ.

ಮರುದಿನ ಹೊಸ ಕೀಬೋರ್ಡನ್ನು ಡಬ್ಬಕ್ಕೆ ತುಂಬಿ, ‘ಇದು ಸರಿಹೊಂದಲಿಲ್ಲ’ ಎಂಬ ಅರ್ಧಸತ್ಯವನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಅಂಗಡಿಗೆ ಹೋದೆ. ಅಂಗಡಿಯವರು ಡಬ್ಬವನ್ನು ತೆರೆಯಲೂ ಇಲ್ಲ. ನನ್ನ ಮುಖವನ್ನೊಮ್ಮೆ ನೋಡಿ, ‘ಲಿನಕ್ಸ್ ಹಾಕಿದ್ರಾ ಸಾರ್?’ ಎಂದರು.