ಸೂಜಿ ಸೊಂಟಕ್ಕೆ, ಆರಾಮ ಕಾಲಿಗೆ

ಕಳೆದ ಚಳಿಗಾಲದಲ್ಲಿ ಇಲ್ಲಿ ಮ್ಯಾಂಚೆಸ್ಟರಿನಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಡಾಕ್ಟರು ಸ್ಕ್ಯಾನಿಂಗನ್ನೂ ಬರೆಯಲಿಲ್ಲ, ಸೂಜಿಯನ್ನೂ ಚುಚ್ಚಲಿಲ್ಲ. ಮಲಗಬೇಡಿ, ಓಡಾಡಿಕೊಂಡಿರಿ ಎಂದು ಹೇಳಿ ಫಿಸಿಯೋಥೆರಪಿಗೆ ಹೆಸರು ಹಚ್ಚಿ ಕಳಿಸಿದರು. ಶಿರಸಿಯಿಂದ ಭಾವ ಫೋನಿನಲ್ಲೇ ನಕ್ಕ: "ಇಂಜೆಕ್ಷನ್ ಕೊಡ್ದೇ ಕಳ್ಸಿದ್ವ? ಅದೆಂತಾ ಡಾಕ್ಟ್ರು ಮಾರಾಯಾ!"

ಅವನು ನಗುವುದಕ್ಕೆ ಕಾರಣವಿತ್ತು. ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತು, ಅಡಿಕೆ ಚೀಲ ಎತ್ತಿ ಅವನ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಜಾರಿತ್ತು. ನೋವು ಪೃಷ್ಠದಿಂದ ಹೊರಟು ಹೆಬ್ಬೆರಳಿನ ತನಕ ಕರೆಂಟು ಹೊಡೆದಂತೆ ಇಳಿಯುತ್ತಿತ್ತು. ಹುಬ್ಬಳ್ಳಿಗೆ ಹೋದ, ಅದೇ ದಿನ ಎಂಆರ್‌ಐ ಆಯಿತು, ಮೂರನೇ ದಿನ ಬೆನ್ನಿಗೆ ಸ್ಟಿರಾಯ್ಡ್ ಇಂಜೆಕ್ಷನ್. ವಾರದೊಳಗೆ ಕಾಲು ಹಗುರಾಯಿತು. ಊರಿಗೆಲ್ಲ ಡಂಗುರ ಹೊಡೆದ. ಕೇಳಿದ ಪಕ್ಕದ ಮನೆಯವರೂ ಹೋದರು. ಅವರದು ಬರೀ ಸೊಂಟನೋವು, ಕಾಲಿಗೆ ಏನೂ ಇಲ್ಲ. ಮೂರು ಸಲ ಹಾಕಿಸಿಕೊಂಡರು, ನೋವು ಹಾಗೇ ಇದೆ. ಮೇಲಾಗಿ ಅವರಿಗೆ ಸಕ್ಕರೆ ಕಾಯಿಲೆ. ಸ್ಟಿರಾಯ್ಡ್ ಹೋದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ವ್ಯತ್ಯಾಸವೆಲ್ಲ ಇಲ್ಲೇ ಇದೆ. ಡಿಸ್ಕಿನ ಗಟ್ಟಿ ಉಂಗುರ ಹರಿದು ಒಳಗಿನ ಮೆತ್ತನೆಯ ತಿರುಳು ಹೊರಚಾಚಿದಾಗ ಪಕ್ಕದ ನರ ಒತ್ತಿಹೋಗುತ್ತದೆ, ಬಾತುಕೊಳ್ಳುತ್ತದೆ. ಸ್ಟಿರಾಯ್ಡ್ ಇಳಿಸುವುದು ಆ ಬಾವನ್ನು, ಅದೂ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಡಿಸ್ಕನ್ನು ಅದು ಹಿಂದಕ್ಕೆ ತಳ್ಳುವುದಿಲ್ಲ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಡಾಕ್ಟರುಗಳಿಗೆ ಹೇಳುವ ಇಲ್ಲಿಯ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ: ಬರೀ ಸೊಂಟನೋವಿಗೆ ಬೆನ್ನಿನ ಇಂಜೆಕ್ಷನ್ ಬೇಡ, ಹೊಸದಾಗಿ ಬಂದ ತೀವ್ರ ಕಾಲುನೋವಿಗಾದರೆ ಯೋಚಿಸಬಹುದು. ಅಂದರೆ ಭಾವನ ಡಾಕ್ಟರೂ ಸರಿ, ನನ್ನ ಡಾಕ್ಟರೂ ಸರಿ. ತಪ್ಪಿದ್ದು ಪಕ್ಕದ ಮನೆಯವರ ವಿಷಯದಲ್ಲಿ. ಅಪರೂಪಕ್ಕಾದರೂ ಪಾರ್ಶ್ವವಾಯು, ದೃಷ್ಟಿನಾಶದಂಥ ಅಪಾಯವಿದೆಯೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲೇ ಎಚ್ಚರಿಸಿದ ಮದ್ದನ್ನು ಲಾಭವೇ ಇಲ್ಲದ ನೋವಿಗೆ ಮೂರು ಸಲ ಚುಚ್ಚುವುದೆಂದರೆ ನನಗೆ ಸಿಟ್ಟು ಬರುತ್ತದೆ.

ಭಾವನಿಗೆ ಖುಷಿ ಕೊಟ್ಟ ಸುದ್ದಿ ಬೇರೆಯದು. ಪಪ್ಪಾಯಿ ಹಾಲಿನಿಂದ ತೆಗೆದ ಕೈಮೋಪಪೈನ್ ಎಂಬ ಕಿಣ್ವವನ್ನು ಡಿಸ್ಕಿನೊಳಗೇ ಚುಚ್ಚಿ ತಿರುಳು ಕರಗಿಸುವ ಚಿಕಿತ್ಸೆಗೆ ಅಮೆರಿಕ 1982ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಕೆಲವರಿಗೆ ಜೀವಕ್ಕೇ ಎರವಾಗುವಂಥ ಅಲರ್ಜಿ ಆಗುತ್ತಿತ್ತು, ಕ್ರಮೇಣ ಮದ್ದು ಮಾರುಕಟ್ಟೆಯಿಂದಲೇ ಮಾಯವಾಯಿತು. ಹಿತ್ತಲ ಪಪ್ಪಾಯಿಗೆ ಇಷ್ಟೊಂದು ಚರಿತ್ರೆ ಇದೆಯೆಂದು ಅವನಿಗೆ ಹೆಮ್ಮೆ.

ಹಾಗಂತ ಇಂಗ್ಲೆಂಡನ್ನು ಹೊಗಳಲಾರೆ. ನನಗೆ ಫಿಸಿಯೋ ತಾರೀಕು ಸಿಕ್ಕಿದ್ದು ಒಂಬತ್ತು ವಾರ ಕಳೆದು, ಅಷ್ಟರಲ್ಲಿ ನೋವೇ ಹೋಗಿತ್ತು. ಹುಬ್ಬಳ್ಳಿಯ ಅವಸರದ ಅರ್ಧವಾದರೂ ಇಲ್ಲಿಗೆ ಬರಬೇಕು. ಆದರೆ ಮೊದಲ ಫೋನಿನಲ್ಲೇ ಕ್ಲಿನಿಕ್ಕಿನ ಹುಡುಗಿ ಕೇಳಿದ್ದಳು: ಮೂತ್ರ ಕಟ್ಟಿದೆಯಾ? ತೊಡೆಸಂದಿ ಮರಗಟ್ಟಿದೆಯಾ? ನಾಚಿಕೆಯಾಯಿತು, ಉತ್ತರಿಸಿದೆ. ಹಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕಂತೆ, ತಡವಾದರೆ ನರ ಶಾಶ್ವತವಾಗಿ ಹಾಳಾಗಬಹುದು. ಭಾವನನ್ನು ಇದನ್ನು ಯಾರೂ ಕೇಳಿರಲಿಲ್ಲ.

ಮೊನ್ನೆ ವಿಡಿಯೋ ಕಾಲ್ ಮಾಡಿದಾಗ ಅವನ ಹೆಗಲ ಮೇಲೆ ಮತ್ತೆ ಹೊರೆ. ಬೈದೆ. "ಆಳು ಸಿಕ್ತ್ವಿಲ್ಲೆ, ಎಂತ ಮಾಡವು?" ಅಂದ.